ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಕೋಲು

ಚೆನ್ನೈನಲ್ಲಿ ಗಾಲ್ಫ್ ಆಡುವ ನಡುವಯಸ್ಸಿನವರ ಬ್ಯಾಗು ತೆರೆದು ನೋಡಿದರೆ, ಆರಿಸಿ ತಂದ ಕೋಲುಗಳಿಗಿಂತ ಹೇಗೋ ಬಂದು ಸೇರಿದ ಕೋಲುಗಳೇ ಹೆಚ್ಚು ಕಾಣುತ್ತವೆ. ಮಾವ ಆಡಿ ಬಿಟ್ಟದ್ದು, ಅಮೆರಿಕದಿಂದ ಬಂದ ಭಾವಮೈದುನ ಸೂಟ್‌ಕೇಸಿನಲ್ಲಿ ತುರುಕಿಕೊಂಡು ತಂದದ್ದು, ನಿವೃತ್ತಿಯ ದಿನ ಕಚೇರಿಯವರೆಲ್ಲ ಸೇರಿ ಕೊಡಿಸಿದ್ದು. ಶ್ರೀಪೆರಂಬುದೂರು, ಒರಗಡಂ ಕಡೆಯ ಕಾರ್ಖಾನೆಗಳಿಗೆ ಬಂದ ಕೊರಿಯಾ, ಜಪಾನಿನ ಅಧಿಕಾರಿಗಳು ಊರಿಗೆ ಮರಳುವಾಗ ಅರ್ಧ ಬೆಲೆಗೆ ಕೊಟ್ಟುಹೋದ ಸೆಟ್ಟುಗಳೂ ಉಂಟು. ಇದ್ದದ್ದರಲ್ಲಿ ಕಲಿಯುವುದು ನಮ್ಮ ಕಡೆಯ ರೂಢಿ. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಗಾಲ್ಫ್ ಆಡದವರಿಗಾಗಿ ಸ್ವಲ್ಪ ವಿವರ ಹೇಳಬೇಕು. ಒಬ್ಬ ಆಟಗಾರ ಬ್ಯಾಗಿನಲ್ಲಿ 14 ಕೋಲು ಇಟ್ಟುಕೊಳ್ಳಬಹುದು. ಅಮೆರಿಕದ ಸಂಸ್ಥೆ ಈ ಮಿತಿ ತಂದದ್ದು 1938ರಲ್ಲಿ. ದೂರ ಹೊಡೆಯುವ ದಪ್ಪ ತಲೆಯ ಕೋಲುಗಳಿಗೆ ಇಂದಿಗೂ ವುಡ್ ಎಂದೇ ಹೆಸರು, ಮರ ಹೋಗಿ ಲೋಹ ಬಂದು ದಶಕಗಳಾದರೂ. ಕೊನೆಯಲ್ಲಿ ಚೆಂಡನ್ನು ಗುಳಿಗೆ ಉರುಳಿಸುವುದು ಪಟ್ಟರ್. ಇವೆರಡರ ನಡುವಿನ ಕೆಲಸವನ್ನೆಲ್ಲ ಮಾಡುವವು ಐರನ್‌ಗಳು. ತಲೆ ಚಪ್ಪಟೆ, ಮುಖ ಹಿಂದಕ್ಕೆ ವಾಲಿದ್ದು, ಅಡಿಯಲ್ಲಿ ಒಂದೊಂದು ಅಂಕಿ. ಅಂಕಿ ಏರಿದಂತೆ ವಾಲು ಹೆಚ್ಚುತ್ತದೆ, ಕೋಲು ಗಿಡ್ಡವಾಗುತ್ತದೆ, ಚೆಂಡು ಎತ್ತರಕ್ಕೆ ಎದ್ದು ಹತ್ತಿರ ಬೀಳುತ್ತದೆ. ಅಂಕಿ ಬರುವ ಮೊದಲು ಇವಕ್ಕೆ ಮ್ಯಾಶಿ, ನಿಬ್ಲಿಕ್ ಎಂಬ ಚೆಂದದ ಸ್ಕಾಟ್ ಹೆಸರುಗಳಿದ್ದವು. ಅವು ಹೋದದ್ದು ಆಟಕ್ಕೆ ನಷ್ಟವಲ್ಲದಿದ್ದರೂ ಕಿವಿಗೆ ನಷ್ಟ.

ಹಾಸನದ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಅಡ್ಯಾರಿನಲ್ಲಿ ನೆಲೆಸಿರುವ ಒಬ್ಬ ಎಂಜಿನಿಯರ್ ಆಟ ಶುರುಮಾಡಿದ್ದು ನಲವತ್ತಾರನೇ ವಯಸ್ಸಿನಲ್ಲಿ, ಜಪಾನಿನ ಮೇಲಧಿಕಾರಿಯೊಬ್ಬರು ಬಿಟ್ಟುಹೋದ ಸೆಟ್ಟಿನಲ್ಲಿ. ಮೂರರಿಂದ ಒಂಬತ್ತರವರೆಗಿನ ಐರನ್ ಮತ್ತು ಒಂದು ವೆಜ್. ಎಲ್ಲವೂ ಬಡಿದು ಮಾಡಿದ ಫೋರ್ಜ್ಡ್ ಬ್ಲೇಡ್‌ಗಳು. ನೋಡಲು ಒಡವೆಯಂಥ ವಸ್ತು: ತೆಳ್ಳಗಿನ ಅಂಚು, ಕನ್ನಡಿಯಂಥ ಬೆನ್ನು, ಎಲ್ಲೂ ಒಂದು ಅನಗತ್ಯ ಗೆರೆಯಿಲ್ಲ. ಐದು ವರ್ಷ ಅದರಲ್ಲೇ ಆಡಿದರು. ಹ್ಯಾಂಡಿಕ್ಯಾಪ್ 24ಕ್ಕೆ ಇಳಿದು ಅಲ್ಲೇ ಕೂತಿತು. ಬಲ ಮಣಿಕಟ್ಟು ನೋಯತೊಡಗಿತು. ಹೊಸ ಸೆಟ್ಟಿನ ಮಾತೆತ್ತಿದಾಗ ಮನೆಯಾಕೆ, "ಅಲ್ಲಾ ರೀ, ಹಳೇದೇ ಇನ್ನೂ ಫಳಫಳ ಅಂತಿದೆಯಲ್ಲ" ಎಂದರು. ಅದು ನಿಜವೇ. ಬ್ಲೇಡಿನ ಸಮಸ್ಯೆ ಹೊಳಪಿನಲ್ಲಿ ಕಾಣುವಂಥದ್ದಲ್ಲ.

ಬ್ಲೇಡಿನಲ್ಲಿ ತೂಕವೆಲ್ಲ ತಲೆಯ ನಡುಭಾಗಕ್ಕೆ ಕೂಡಿಕೊಂಡಿರುತ್ತದೆ. ಚೆಂಡು ನಟ್ಟನಡುವೆ ಬಿದ್ದರೆ ಕೈಗೆ ಏನೂ ತಾಗಿದಂತೆಯೇ ಅನ್ನಿಸುವುದಿಲ್ಲ, ಬೆಣ್ಣೆಗೆ ಚಾಕು ಹಾಕಿದ ಹಾಗೆ. ಅರ್ಧ ಅಂಗುಲ ಆಚೆ ಬಿದ್ದರೆ ತಲೆ ಕೈಯೊಳಗೇ ತಿರುಚಿಕೊಳ್ಳುತ್ತದೆ. ಚೆಂಡು ಮತ್ತು ಕೋಲು ಒಂದಕ್ಕೊಂದು ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡ್. ಅಷ್ಟರಲ್ಲೇ ದಿಕ್ಕು ಕೆಡುತ್ತದೆ, ದೂರ ಸಾಯುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅದೇ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರೆ ತಲೆ ಸುಲಭಕ್ಕೆ ತಿರುಗುವುದಿಲ್ಲ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದನೆಯ ಗಳು ಹಿಡಿಯುವುದು ಇದೇ ಕಾರಣಕ್ಕೆ. ತೂಕ ದೂರದಲ್ಲಿದ್ದಷ್ಟೂ ತಿರುಗಿಸುವುದು ಕಷ್ಟ, ವಾಲಿದರೂ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಹೀಗೆ ಬೆನ್ನನ್ನು ಕೊರೆದು ತೂಕವನ್ನು ಸುತ್ತಲಿನ ಅಂಚಿಗೆ ಸರಿಸಿದ ಐರನ್ನಿಗೆ ಕ್ಯಾವಿಟಿ ಬ್ಯಾಕ್ ಎನ್ನುತ್ತಾರೆ.

ಇಂಥ ಕೋಲಿನ ಗುಣಕ್ಕೆ ಇಂಗ್ಲಿಷಿನ ಗಾಲ್ಫ್ ವ್ಯಾಪಾರದಲ್ಲಿ ಬಳಕೆಯಾಗುವ ಪದದ ನೇರ ಅರ್ಥ ಕ್ಷಮೆ. ಕನ್ನಡದಲ್ಲಿ 'ಕ್ಷಮಾಶೀಲ ಐರನ್' ಎಂದರೆ ಪೌರಾಣಿಕ ನಾಟಕದ ಪಾತ್ರದ ಹಾಗೆ ಕೇಳುತ್ತದೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಎಂಬ ನಮ್ಮ ಮಾತು ಎಷ್ಟೋ ವಾಸಿ. ಬೆನ್ನಲ್ಲಿ ಪೊಳ್ಳಿರುವ ಈ ಕೋಲಿಗೆ ಹೊಟ್ಟೆಯೂ ಇದೆ, ಆಟಗಾರನ ತಪ್ಪು ಹೋಗಿ ಅಲ್ಲಿ ಸೇರುತ್ತದೆ. ಪೂರ್ತಿ ಸೇರುವುದಿಲ್ಲ ಎಂಬುದನ್ನೂ ಹೇಳಬೇಕು. ಮುಖದ ಮೇಲೆ ಚೆಂಡು ಆಚೀಚೆ ತಾಗಿದ್ದನ್ನು ಅದು ಮನ್ನಿಸುತ್ತದೆ. ಚೆಂಡಿಗಿಂತ ಎರಡಂಗುಲ ಹಿಂದೆ ನೆಲ ಕುಟ್ಟಿದರೆ ಯಾವ ಕೋಲೂ ಉಳಿಸುವುದಿಲ್ಲ.

ಈ ಉಪಾಯವನ್ನು ಜಗತ್ತಿಗೆ ಒಪ್ಪಿಸಿದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್ಹೈಮ್. ನಾರ್ವೆಯ ಬರ್ಗೆನ್‌ನಲ್ಲಿ 1911ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಹೋದವರು. ಮೊದಲು ಅಪ್ಪನ ಹಾಗೆ ಚಪ್ಪಲಿ, ಬೂಟಿನ ಕೆಲಸ. ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್. ಗಾಲ್ಫ್ ಕೋಲು ಹಿಡಿದದ್ದು ನಲವತ್ತು ದಾಟಿದ ಮೇಲೆ, ಸಹೋದ್ಯೋಗಿಗಳು ಒತ್ತಾಯ ಮಾಡಿದ್ದರಿಂದ. ಚೆಂಡು ಗುಳಿಗೆ ಬೀಳದೆ ಹೋದಾಗ ತನ್ನ ಕೈಯನ್ನು ಬೈದುಕೊಳ್ಳುವ ಬದಲು ಕೋಲಿನ ಕಡೆ ನೋಡಿದ ಮನುಷ್ಯ. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ತೂಕವನ್ನು ಎರಡು ತುದಿಗೆ ಸರಿಸಿದ ಪಟ್ಟರ್ ಮಾಡಿದರು. ಹೊಡೆದಾಗ ಬಂದ 'ಪಿಂಗ್' ಎಂಬ ಸದ್ದೇ ಕಂಪನಿಯ ಹೆಸರಾಯಿತು. ಅದೇ ವಿಚಾರವನ್ನು ಐರನ್ನಿಗೂ ತಂದರು. 1982ರಲ್ಲಿ ಬಂದ ಅವರ ಐ 2 ಐರನ್ ನೋಡಲು ಕುರೂಪಿ ಎಂದು ಅನೇಕರು ಮೂಗು ಮುರಿದರು, ಕೊಂಡವರು ಅದಕ್ಕಿಂತ ಹೆಚ್ಚು. ನಲವತ್ತರ ಮೇಲೆ ಆಟ ಕಲಿತವನೇ ಇದನ್ನು ಕಂಡುಹಿಡಿಯಬೇಕಾಗಿತ್ತು. ಎಳವೆಯಿಂದ ಆಡಿದವರಿಗೆ ಚೆಂಡು ನಡುವಿಗೇ ತಾಗುತ್ತದೆ, ಅವರಿಗೆ ಕೋಲಿನ ಮೇಲೆ ಅನುಮಾನ ಬರುವ ಸಂದರ್ಭವೇ ಕಡಿಮೆ.

ಇವತ್ತು ಅಂಗಡಿಗಳಲ್ಲಿ ಐರನ್‌ಗಳನ್ನು ಆಟಗಾರನ ಮಟ್ಟಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿರುತ್ತಾರೆ. ಒಂದು ತುದಿಗೆ ದಪ್ಪ ಅಡಿಯ, ಅಗಲ ಬೆನ್ನಿನ ಕೋಲುಗಳು, ಹೊಸಬರಿಗೆ. ಇನ್ನೊಂದು ತುದಿಗೆ ಬ್ಲೇಡ್, ಪಳಗಿದವರಿಗೆ. ನಡುವೆ ಎರಡು ಮೂರು ಮೆಟ್ಟಿಲು. ಹೊಸ ಸೆಟ್ಟಿನ ಬೆಲೆ ಎಪ್ಪತ್ತು ಎಂಬತ್ತು ಸಾವಿರದಿಂದ ಹಿಡಿದು ಲಕ್ಷ ದಾಟುತ್ತದೆ. ಮೆಟ್ಟಿಲು ಗುರುತಿಸುವುದು ಕಷ್ಟವಲ್ಲ, ತಾನು ಯಾವ ಮೆಟ್ಟಿಲಿನವನು ಎಂದು ಬಾಯಿಬಿಟ್ಟು ಹೇಳುವುದು ಕಷ್ಟ. ಹೊಸಬರ ಕೋಲಿನ ದಪ್ಪ ಮೇಲಂಚು ಚೆಂಡಿನ ಹಿಂದೆ ಇಟ್ಟಾಗ ಕಣ್ಣಿಗೆ ಹೊಡೆಯುತ್ತದೆ, ಜೊತೆಯವರಿಗೂ ಕಾಣುತ್ತದೆ. ಹಾಗಾಗಿ ಒಂದು ಮೆಟ್ಟಿಲು ಮೇಲಿನದನ್ನು ಕೊಳ್ಳುವವರೇ ಬಹಳ. "ಮುಂದೆ ಆಟ ಸುಧಾರಿಸಿದಾಗ ಉಪಯೋಗಕ್ಕೆ ಬರುತ್ತೆ" ಎಂಬ ಸಮಜಾಯಿಷಿ ಬೇರೆ, ಬೆಳೆಯುವ ಹುಡುಗನಿಗೆ ಉದ್ದ ಪ್ಯಾಂಟು ಹೊಲಿಸಿದ ಹಾಗೆ. ಐವತ್ತು ದಾಟಿದ ಬೆನ್ನು ಇನ್ನು ಎಷ್ಟು ಬೆಳೆಯುತ್ತದೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ.

ಹ್ಯಾಂಡಿಕ್ಯಾಪ್ ಇದೆಯಲ್ಲ, ಅದೇ ಮಟ್ಟ ಹೇಳುವುದಿಲ್ಲವೇ ಎನ್ನಬಹುದು. ಸಮಾನ ಹೊಡೆತಗಳಲ್ಲಿ ಮುಗಿಸಬೇಕಾದ ಆಟಕ್ಕೆ ಒಬ್ಬನಿಗೆ ಸಿಗುವ ರಿಯಾಯಿತಿ ಹೊಡೆತಗಳ ಲೆಕ್ಕ ಅದು. ಆದರೆ 2020ರಲ್ಲಿ ಬಂದ ವಿಶ್ವ ಪದ್ಧತಿಯ ಪ್ರಕಾರ ಅದನ್ನು ಕಟ್ಟುವುದು ಕಳೆದ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯ ಮೇಲೆ. ಅಂದರೆ ಅದು ಮನುಷ್ಯನ ಒಳ್ಳೆಯ ದಿನಗಳ ಲೆಕ್ಕ. ಉಳಿದ 12 ದಿನ ಏನಾಯಿತು ಎಂಬುದು ಆ ಅಂಕಿಯಲ್ಲಿಲ್ಲ, ಮತ್ತು ಕೋಲಿಗೆ ಕೆಲಸ ಬೀಳುವುದು ಆ 12 ದಿನಗಳಲ್ಲೇ.

ಎಂಜಿನಿಯರ್ ಆದವರು ಅಳತೆ ನಂಬುತ್ತಾರೆ. ಇವರೂ ಅಳೆಸಿಕೊಳ್ಳಲು ಹೋದರು. ಒಳಾಂಗಣದಲ್ಲಿ ಪರದೆ, ಪರದೆಗೆ ಚೆಂಡು ಹೊಡೆದರೆ ವೇಗ, ಏರುಕೋನ, ಸುತ್ತು, ಬಿದ್ದ ದೂರ ಎಲ್ಲವೂ ಕಂಪ್ಯೂಟರಿನಲ್ಲಿ. ಉಪಯುಕ್ತ ಯಂತ್ರ, ಅನುಮಾನವಿಲ್ಲ. ಆದರೆ ಅಲ್ಲಿ ಎಸಿ ಇದೆ, ಕೈ ಬೆವರುವುದಿಲ್ಲ. ಕಾಲ ಕೆಳಗೆ ಹುಲ್ಲಿನ ಬದಲು ಚಾಪೆ ಇದೆ. ಚೆಂಡಿಗಿಂತ ಹಿಂದೆ ಬಿದ್ದ ಕೋಲು ಚಾಪೆಯ ಮೇಲೆ ಜಾರಿಕೊಂಡು ಹೋಗಿ ಚೆಂಡಿಗೆ ತಾಗುತ್ತದೆ, ತೆರೆಯ ಮೇಲೆ ಅದು ಒಳ್ಳೆಯ ಹೊಡೆತವೆಂದೇ ಕಾಣುತ್ತದೆ. ಹೊರಗಿನ ನೆಲದಲ್ಲಾದರೆ ಅಲ್ಲೇ ಹೂತುಕೊಳ್ಳುತ್ತಿತ್ತು. ಮೂವತ್ತು ಚೆಂಡು ಹೊಡೆದ ಮೇಲೆ ಅಳೆಯುವ ಹುಡುಗ ಬಹಳ ಸೌಜನ್ಯದಿಂದ ಐದಾರು ಕೆಟ್ಟ ಹೊಡೆತಗಳನ್ನು ಪಟ್ಟಿಯಿಂದ ಅಳಿಸಿದ. "ಇವು ಲೆಕ್ಕಕ್ಕೆ ಬೇಡ ಸಾರ್, ನಿಮ್ಮ ನಿಜವಾದ ಸ್ವಿಂಗ್ ಇದಲ್ಲ." ಯಾವ ಗಿರಾಕಿ ತಾನೇ ಇದಕ್ಕೆ ಎದುರಾಡುತ್ತಾನೆ?

ಹೊಸ ಏಳನೇ ಐರನ್ನಿನಲ್ಲಿ ಚೆಂಡು ಹಳೆಯದಕ್ಕಿಂತ ಹದಿನೈದು ಗಜ ಮುಂದೆ ಬಿತ್ತು. ಇದರಲ್ಲಿ ಒಂದು ಸಣ್ಣ ಮಾಯೆ ಇದೆ, ಅದನ್ನು ಬಿಡಿಸಿ ಹೇಳುವವರು ಕಡಿಮೆ. ಹಳೆಯ ಬ್ಲೇಡಿನ ಏಳರ ವಾಲು ಸುಮಾರು 34 ಡಿಗ್ರಿ. ಹೊಸಬರಿಗಾಗಿ ಮಾಡಿದ ಈಗಿನ ಏಳರ ವಾಲು 28, 29ರ ಆಸುಪಾಸು. ಅಂದರೆ ಹೊಸ ಏಳು ಎಂಬುದು ಹಳೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಐದೂವರೆ. ಅಂಕಿ ಇಲ್ಲಿ ಅಳತೆಯಲ್ಲ, ಬರಿಯ ಹೆಸರು. ಹಿಂದೆ ಊರಿಗೊಂದು ಸೇರು ಇದ್ದ ಹಾಗೆ ಇಲ್ಲಿ ಕಂಪನಿಗೊಂದು ಏಳು. ಪೂರ್ತಿ ಮೋಸವೆಂದು ಹೇಳುವಂತಿಲ್ಲ, ಏಕೆಂದರೆ ಈ ಕೋಲುಗಳಲ್ಲಿ ತೂಕ ತಳಕ್ಕಿಳಿದಿರುವುದರಿಂದ ವಾಲು ಕಡಿಮೆಯಿದ್ದರೂ ಚೆಂಡು ಸಾಕಷ್ಟು ಎತ್ತರ ಏಳುತ್ತದೆ. ತೊಂದರೆ ಬರುವುದು ಇನ್ನೊಂದು ತುದಿಯಲ್ಲಿ. ಸೆಟ್ಟಿನ ಕೊನೆಯ ಪಿಚಿಂಗ್ ವೆಜ್ 43 ಡಿಗ್ರಿಗೆ ಬಂದು ನಿಂತರೆ, ಬ್ಯಾಗಿನಲ್ಲಿ ಮೊದಲೇ ಇದ್ದ 56 ಡಿಗ್ರಿಯ ಸ್ಯಾಂಡ್ ವೆಜ್‌ಗೂ ಅದಕ್ಕೂ ನಡುವೆ ದೊಡ್ಡ ಕಂದಕ. ಅಲ್ಲೊಂದು 49, 50ರ ವೆಜ್ ಕೊಳ್ಳದೆ ವಿಧಿಯಿಲ್ಲ. ಬೆಲೆ ವಿಚಾರಿಸುವಾಗ ಇದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಯಂತ್ರಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಚೆನ್ನೈನ ನೆಲ. ನಗರದೊಳಗಿನ ಹಳೆಯ ಗಾಲ್ಫ್ ಮೈದಾನಗಳು ಎರಡು. ನಂದನಂನಲ್ಲಿ 1873ರ ಕಾಸ್ಮೊಪಾಲಿಟನ್ ಕ್ಲಬ್ಬಿನ ಹೆಸರಿನಲ್ಲಿರುವ ಕಾಸ್ಮೊ ಮೈದಾನ ಒಂದು. ಗಿಂಡಿಯಲ್ಲಿ, ಕುದುರೆ ಓಡುವ ಪಥದ ಒಳಸುತ್ತಿನಲ್ಲಿ, 1884ರ ಮದ್ರಾಸ್ ಜಿಮ್ಖಾನಾ ಕ್ಲಬ್ಬಿನ ಮೈದಾನ ಇನ್ನೊಂದು. 2024ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಮದ್ರಾಸ್ ರೇಸ್ ಕ್ಲಬ್ಬಿನ ಗುತ್ತಿಗೆ ರದ್ದುಮಾಡಿ ಸುಮಾರು 160 ಎಕರೆ ಜಾಗಕ್ಕೆ ಬೀಗ ಹಾಕಿದಾಗ ಗಿಂಡಿಯ ಗಾಲ್ಫಿನ ಪಾಡೂ ಕೋರ್ಟಿನ ಮೆಟ್ಟಿಲೇರಿತು. ಅದು ಬೇರೆಯೇ ಕಥೆ. ನೆಲದ ಮಾತಿಗೆ ಬಂದರೆ, ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಇಲ್ಲಿಯ ಮಣ್ಣು ಬೆಂದು ಗಟ್ಟಿಯಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಸುರಿದಾಗ ಅದೇ ನೆಲ ಮೆತ್ತಗಾಗಿ ಕೋಲನ್ನು ನುಂಗುತ್ತದೆ. ಹೊಸಬರ ಐರನ್ನಿನ ಅಗಲ ಅಡಿ ಮೆತ್ತಗಿನ ನೆಲದಲ್ಲಿ ದೋಣಿಯ ತಳದಂತೆ ತೇಲಿಸುತ್ತದೆ, ಕಾಪಾಡುತ್ತದೆ. ಗಟ್ಟಿ ನೆಲದಲ್ಲಿ ಅದೇ ಅಗಲ ಅಡಿ ಪುಟಿದು, ಕೋಲಿನ ಕೆಳ ಅಂಚು ಚೆಂಡಿನ ಹೊಟ್ಟೆಗೆ ಬಡಿದು, ಚೆಂಡು ನೆಲಕ್ಕಂಟಿಕೊಂಡೇ ಓಡಿಬಿಡುತ್ತದೆ. ಹೊಸಬರಿಗೆ ಅಗಲ ಅಡಿಯೇ ಸರಿ ಎಂಬ ಸೂತ್ರ ಸ್ಕಾಟ್ಲೆಂಡಿನಲ್ಲೋ ಫ್ಲೋರಿಡಾದಲ್ಲೋ ಹೇಗೋ, ವರ್ಷದಲ್ಲಿ ಆರೇಳು ತಿಂಗಳು ಕಾದ ನೆಲದ ಮೇಲೆ ಆಡುವವನು ನಡುವಿನ ಅಗಲಕ್ಕೆ ಒಪ್ಪಿಕೊಳ್ಳುವುದು ಒಳ್ಳೆಯದು.

ಇದನ್ನೆಲ್ಲ ಎಂಜಿನಿಯರ್ ಸಾಹೇಬರಿಗೆ ತಿಳಿಸಿದ್ದು ಯಂತ್ರವಲ್ಲ, ಐದು ವರ್ಷದಿಂದ ಅವರ ಬ್ಯಾಗು ಹೊತ್ತ ಕ್ಯಾಡಿ. "ಏಳು ವೇಣಾಂ ಸಾರ್, ಆರ್ ಎಡುಂಗ" ಎಂದು ಅವರು ಎಷ್ಟೋ ಸಲ ಹೇಳಿದ್ದರು. ಏಳು ಬೇಡ, ಆರು ತಗೊಳ್ಳಿ ಎಂದು. ಕೋಲು ಬದಲಿಸಬೇಕೆಂದಿದ್ದೇನೆ, ನನ್ನ ಆಟ ಹೇಗಿದೆ ಎಂದು ನೇರವಾಗಿ ಕೇಳಿದ್ದು ಮಾತ್ರ ಇದೇ ಮೊದಲು. ಆತ ಒಂದು ಕ್ಷಣ ಸುಮ್ಮನಿದ್ದು, "ಎಪ್ಪವುಮೇ ಷಾರ್ಟ್ ದಾನ್ ಸಾರ್" ಎಂದರು. ಯಾವಾಗಲೂ ಗುರಿಗಿಂತ ಹಿಂದೆಯೇ ಬೀಳುವುದು. ಬೀಳುವುದೂ ಬಲಕ್ಕೆ. ಆಮೇಲೆ ನೆಲ ತೋರಿಸಿದರು. ಹೊಡೆತದಲ್ಲಿ ಹುಲ್ಲು, ಮಣ್ಣು ಕಿತ್ತುಹೋದ ಗುಂಡಿ ಆಟಗಾರನಿಂದ ಆಚೆಯ ಬದಿಗೆ ಆಳ, ಈಚೆಯ ಬದಿಗೆ ತೇಲು. ಅಂದರೆ ಕೋಲಿನ ಮೂತಿ ನೆಲಕ್ಕೆ ಅಗೆಯುತ್ತಿದೆ, ಹಿಮ್ಮಡಿ ಗಾಳಿಯಲ್ಲಿದೆ. ಬಿಟ್ಟುಹೋದ ಮೇಲಧಿಕಾರಿ ಐದಡಿ ನಾಲ್ಕಂಗುಲದವರು, ಇವರು ಆರಡಿ. ಗಿಡ್ಡ ಮನುಷ್ಯನಿಗೆ ಹೊಂದಿಸಿದ ಕೋನದ ಕೋಲನ್ನು ಎತ್ತರದವನು ಹಿಡಿದರೆ ಮೂತಿ ಕೆಳಗಾಗುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ. ಇದಕ್ಕೆ ಲೈ ಕೋನ ಎನ್ನುತ್ತಾರೆ. ಐದು ವರ್ಷ ತನ್ನ ಭುಜವನ್ನು, ಸೊಂಟವನ್ನು, ಗಮನವನ್ನು ಬೈದುಕೊಂಡ ತಪ್ಪಿನಲ್ಲಿ ಒಂದು ಪಾಲು ಎರಡು ಮೂರು ಡಿಗ್ರಿ ಉಕ್ಕಿನದಾಗಿತ್ತು. ಬಡಿದು ಮಾಡಿದ ಮೃದು ಉಕ್ಕಾದರೆ ಅದನ್ನು ಬಗ್ಗಿಸಿ ಸರಿಮಾಡುವುದು ಹತ್ತು ನಿಮಿಷದ ಕೆಲಸ.

ಕ್ಯಾಡಿಗೆ ಇದು ಮೊದಲೇ ಗೊತ್ತಿತ್ತೇ? ಗೊತ್ತಿತ್ತು. ಏಕೆ ಹೇಳಲಿಲ್ಲ? ಯಾರೂ ಕೇಳಲಿಲ್ಲ. ನಮ್ಮ ಕ್ಲಬ್ಬುಗಳಲ್ಲಿ ಯಾರು ಯಾರಿಗೆ ಏನು ಹೇಳಬಹುದು ಎಂಬುದು ಎಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಆರು ತಗೊಳ್ಳಿ ಎನ್ನಬಹುದು. ನಿಮ್ಮ ಕೋಲೇ ನಿಮಗೆ ತಕ್ಕದ್ದಲ್ಲ ಎನ್ನುವುದು ಅಧಿಕಪ್ರಸಂಗ. ಆದರೆ ಒಬ್ಬನ ಒಳ್ಳೆಯ ಎಂಟು ದಿನಗಳನ್ನೂ ಕೆಟ್ಟ ಹನ್ನೆರಡು ದಿನಗಳನ್ನೂ ಹಿಂದೆ ನಿಂತು ನೋಡಿದವನು ಆತನೊಬ್ಬನೇ, ಮತ್ತು ಅಳಿಸುವ ಗುಂಡಿ ಆತನ ಹತ್ತಿರವಿಲ್ಲ. ಈ ನೋಟಕ್ಕೆ ಬೆಲೆ ಎಷ್ಟು ಎಂಬುದಕ್ಕೆ ಬೆಂಗಳೂರಿನ ಕಡೆಯೇ ಸಾಕ್ಷಿಯಿದೆ. ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಹತ್ತಿರದ ಹಳ್ಳಿಯಿಂದ ಬಂದ ಎಸ್. ಚಿಕ್ಕರಂಗಪ್ಪ ಪಕ್ಕದ ಈಗಲ್ಟನ್ ಮೈದಾನದಲ್ಲಿ ಆಟ ಕಂಡು, ಕೋಚ್ ವಿಜಯ್ ದಿವೇಚಾ ಅವರ ಕೈಯಲ್ಲಿ ಪಳಗಿ ದೇಶದ ಮುಂಚೂಣಿ ವೃತ್ತಿಪರರಲ್ಲಿ ಒಬ್ಬರಾದರು. ಕ್ಯಾಡಿಗಳ ನಡುವೆ ಬೆಳೆಯುವ ಹುಡುಗರಿಗೆ ಮಟ್ಟಕ್ಕೆ ತಕ್ಕ ಐರನ್ ಎಂಬ ಮಾತೇ ಇರುವುದಿಲ್ಲ. ಯಾರೋ ಬಿಟ್ಟ ಕೋಲು ಕೈಗೆ ಬರುತ್ತದೆ, ಕೈ ಅದಕ್ಕೆ ಒಗ್ಗಿಕೊಳ್ಳುತ್ತದೆ. ಬ್ಲೇಡಿನಲ್ಲೇ ಕಲಿತರೆ ಆಟ ಗಟ್ಟಿಯಾಗುತ್ತದೆ ಎಂಬ ಹಳಬರ ವಾದ ಹುಟ್ಟಿದ್ದೂ ಇಂಥವರನ್ನು ನೋಡಿಯೇ ಇರಬೇಕು. ಹನ್ನೆರಡನೇ ವಯಸ್ಸಿನಲ್ಲಿ ದಿನಕ್ಕೆ ಆರು ಗಂಟೆ ಆಡಿದರೆ ಅದು ನಿಜ. ಭಾನುವಾರಕ್ಕೊಮ್ಮೆ ಆಡುವ ಐವತ್ತರವನಿಗೆ ಬ್ಲೇಡ್ ಪಾಠ ಕಲಿಸುವುದಿಲ್ಲ, ನೋವು ಮಾತ್ರ ಕೊಡುತ್ತದೆ.

ಅಹಂಕಾರ ಬಿಟ್ಟು ಕೋಲು ಆರಿಸುವುದಕ್ಕೆ ಉದಾಹರಣೆ ಬೇಕಾದರೆ ಅದೂ ಬೆಂಗಳೂರಿನವರದೇ. ಅದಿತಿ ಅಶೋಕ್ ದೂರ ಹೊಡೆಯುವವರಲ್ಲ. ತಮ್ಮ ಮಟ್ಟದ ಆಟಗಾರ್ತಿಯರ ನಡುವೆ ಅವರ ಹೊಡೆತ ಬಹಳ ಗಿಡ್ಡ. ಉದ್ದ ಐರನ್ ಹಿಡಿದು ಹೆಣಗುವ ಬದಲು ಅವರು ಆ ಜಾಗಕ್ಕೆ ಹೈಬ್ರಿಡ್, ಅಂದರೆ ಅರ್ಧ ವುಡ್ ಅರ್ಧ ಐರನ್ ಆದ ಕೋಲುಗಳನ್ನು ಇಟ್ಟುಕೊಂಡರು. ತಳದಲ್ಲಿ ತೂಕವಿರುವ ಅವು ನಿಧಾನದ ಸ್ವಿಂಗಿನಲ್ಲೂ ಚೆಂಡನ್ನು ಎತ್ತುತ್ತವೆ. ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರ ವಿಶ್ವ ಶ್ರೇಯಾಂಕ 200. ಬ್ಯಾಗು ಹೊತ್ತವರು ತಾಯಿ ಮಹೇಶ್ವರಿ. ನಾಲ್ಕು ದಿನದ ಆಟದ ಕೊನೆಯಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಒಲಿಂಪಿಕ್ಸ್ ಆಟಗಾರ್ತಿಯೇ ನಾಲ್ಕನೇ ಐರನ್ ಮನೆಯಲ್ಲಿ ಬಿಟ್ಟು ಬರಬಹುದಾದರೆ, ಗಿಂಡಿ ನಂದನಂಗಳ ಭಾನುವಾರದ ಆಟಗಾರರು ಅದನ್ನು ಏಕೆ ಹೊರುತ್ತಾರೋ.

ಹಾಸನದವರು ಕೊನೆಗೆ ಕೊಂಡದ್ದು ಹಿಂದಿನ ವರ್ಷದ ಮಾದರಿ, ಬೆಲೆ ಇಳಿದ ಮೇಲೆ. ಆರರಿಂದ ಪಿಚಿಂಗ್ ವೆಜ್‌ವರೆಗೆ ಐದೇ ಐದು ಐರನ್; ಕ್ಯಾವಿಟಿ ಬೆನ್ನು, ನಡುವಿನ ಅಗಲದ ಅಡಿ, ಲೈ ಎರಡು ಡಿಗ್ರಿ ಮೇಲಕ್ಕೆ. ಅದಕ್ಕೊಂದು 49ರ ವೆಜ್. ನಾಲ್ಕು ಮತ್ತು ಐದರ ಜಾಗಕ್ಕೆ ಹೈಬ್ರಿಡ್. ಹಳೆಯ ಸೆಟ್ಟಿನ ಉಕ್ಕಿನ ದಂಡು 120 ಗ್ರಾಂ ಮೇಲಿತ್ತು, ಇದರದು ಹಗುರ ಉಕ್ಕು, ನೂರರೊಳಗೆ. ಗ್ರಾಫೈಟ್ ಇನ್ನೂ ಹಗುರ, ಮಣಿಕಟ್ಟಿಗೂ ಹಿತ, ಆದರೆ ಬೆಲೆ ಏರುತ್ತದೆ. ಬೆವರಿನ ಊರಾದ್ದರಿಂದ ಹಿಡಿಕೆಗೆ ನೂಲು ಬೆರೆತ ಒರಟು ರಬ್ಬರು. ಆರು ತಿಂಗಳಾದ ಮೇಲೆ ಹ್ಯಾಂಡಿಕ್ಯಾಪ್ 21. ಇದರಲ್ಲಿ ಕೋಲಿನ ಪಾಲೆಷ್ಟು, ಕ್ಯಾಡಿ ಹೇಳಿದ ಕೋಲನ್ನು ಮರುಮಾತಿಲ್ಲದೆ ತೆಗೆದುಕೊಳ್ಳತೊಡಗಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮಣಿಕಟ್ಟಿನ ನೋವು ಮಾತ್ರ ಹೋಯಿತು.

ಹಳೆಯ ಬ್ಲೇಡುಗಳನ್ನು ಕ್ಯಾಡಿಗೇ ಕೊಡಲು ಹೋದರು. ವಾರಕ್ಕೊಂದು ದಿನ ಕ್ಯಾಡಿಗಳಿಗೆ ಮೈದಾನ ಸಿಗುತ್ತದೆ, ಅಂದು ಆತ ಮೂರು ಕಂಪನಿಯ ಬಿಡಿ ಕೋಲುಗಳಲ್ಲಿ ಆಡುವುದು. ಇವರಿಗಿಂತ ಎಷ್ಟೋ ಚೆನ್ನಾಗಿ ಆಡುತ್ತಾರೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಎತ್ತರವೂ ಆ ಮೇಲಧಿಕಾರಿಯಷ್ಟೇ. ಆತ ಒಂದೊಂದನ್ನೂ ತೆಗೆದು ನೆಲಕ್ಕೊತ್ತಿ ನೋಡಿ, ಎರಡು ಸಲ ಬೀಸಿ, ಎಂಟು, ಒಂಬತ್ತು ಮತ್ತು ವೆಜ್ ಮಾತ್ರ ಇಟ್ಟುಕೊಂಡರು. ಬಿಟ್ಟಿಯಾಗಿ ಬೇಡವೆಂದು ಎರಡು ವಾರದ ಕೂಲಿಯಲ್ಲಿ ಹಿಡಿದುಕೊಳ್ಳಲು ಹೇಳಿದರು. ಉಳಿದವನ್ನೂ ತೆಗೆದುಕೋ ಎಂದರೆ ನಕ್ಕು, ಮೂರು ನಾಲ್ಕೆಲ್ಲ ತನಗೆ ಬೇಡ, ಇಟ್ಟುಕೊಂಡಿರಿ ಎಂದರು. "ಪುದುಸಾ ಯಾರಾವದು ವರುವಾಂಗ ಸಾರ್." ಹೊಸದಾಗಿ ಆಡಲು ಯಾರಾದರೂ ಬಂದೇ ಬರುತ್ತಾರಂತೆ. ಮೂರರಿಂದ ಏಳರವರೆಗಿನ ಆ ಐದು ಬ್ಲೇಡುಗಳು ಸದ್ಯಕ್ಕೆ ಕಾರಿನ ಡಿಕ್ಕಿಯಲ್ಲಿ, ಹಳೆಯ ಬೆಡ್‌ಶೀಟ್ ಸುತ್ತಿಕೊಂಡು ಮಲಗಿವೆ.